ಆಟೋಮ್ಯಾಟಿಕ್ ಕಾರಿನ ಗೇರ್: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ವರ್ಷದ ಹಿಂದೆ ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಆಟೋಮ್ಯಾಟಿಕ್ ಕಾರು ಎರಡೇ ಇದ್ದವು. ಅದರಲ್ಲಿ ಒಂದು ನಮ್ಮದು. ಈಗ ಅರ್ಧಕ್ಕರ್ಧ ಆಟೋಮ್ಯಾಟಿಕ್ಕೇ. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಹೆಬ್ಬಾಳ ದಾಟಿ ದಿನಾ ಕೆಲಸಕ್ಕೆ ಹೋಗುವವರು ಕ್ಲಚ್ ಒತ್ತಿ ಒತ್ತಿ ಸೋತು ಆಟೋಮ್ಯಾಟಿಕ್ ಕಡೆ ಬಂದಿದ್ದಾರೆ. ನಮ್ಮ ಅಮ್ಮ ಕೂಡ ಐವತ್ತೆಂಟನೇ ವಯಸ್ಸಿನಲ್ಲಿ ಇದರಲ್ಲೇ ಡ್ರೈವಿಂಗ್ ಕಲಿತರು. ಅವರು ಕೇಳಿದ ಪ್ರಶ್ನೆಗಳು, ಲಿಫ್ಟಿನ ಹತ್ತಿರ ನಿಂತು ಅಕ್ಕಪಕ್ಕದವರು ಕೇಳಿದ ಪ್ರಶ್ನೆಗಳು, ನಾನೇ ಗ್ಯಾರೇಜಿನಲ್ಲಿ ಕೇಳಿ ತಿಳಿದುಕೊಂಡ ಉತ್ತರಗಳು ಎಲ್ಲ ಇಲ್ಲಿವೆ.

ನನ್ನ ಕಾರಿನಲ್ಲಿ ಯಾವ ಥರದ ಆಟೋಮ್ಯಾಟಿಕ್ ಇದೆ ಅಂತ ತಿಳಿಯಲೇಬೇಕಾ?

ತಿಳಿಯಲೇಬೇಕು. ಮುಂದಿನ ಅರ್ಧ ಉತ್ತರಗಳು ಇದರ ಮೇಲೇ ನಿಂತಿವೆ. ನಮ್ಮಲ್ಲಿ ನಾಲ್ಕು ಥರ ಜಾಸ್ತಿ ಸಿಗುತ್ತವೆ.

ಎಎಂಟಿ ಅಂದರೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಇದು ನಮ್ಮ ದೇಶಕ್ಕೆ ಬಂತು. ಕಡಿಮೆ ಬೆಲೆಯ ಕಾರುಗಳಿಗೂ ಆಟೋಮ್ಯಾಟಿಕ್ ಸಿಕ್ಕಿದ್ದು ಆಗಲೇ. ಟಾರ್ಕ್ ಕನ್ವರ್ಟರ್ ಹಳೆಯ, ಗಟ್ಟಿ ವಿಧಾನ. ಎಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಹೋಗುತ್ತದೆ. ಬ್ರೆಜ್ಜಾದಲ್ಲಿ, ಮೊದಲು ಬರುತ್ತಿದ್ದ ಆಟೋಮ್ಯಾಟಿಕ್ ಇನ್ನೋವಾ ಕ್ರಿಸ್ಟಾದಲ್ಲಿ ಇರುವುದು ಇದು. ಸಿವಿಟಿಯಲ್ಲಿ ಬಿಡಿಬಿಡಿ ಗೇರ್ ಇಲ್ಲ. ಎರಡು ರಾಟೆಗಳ ನಡುವೆ ಒಂದು ಬೆಲ್ಟ್ ಓಡುತ್ತದೆ. ಹೋಂಡಾ ಸಿಟಿಯಲ್ಲಿ ಇದಿದೆ. ಡಿಸಿಟಿಯಲ್ಲಿ ಎರಡು ಕ್ಲಚ್ ಇರುತ್ತವೆ. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ರೆಡಿ ಇರುತ್ತದೆ.

ಒಂದೇ ಕಾರಿನಲ್ಲಿ ಬೇರೆ ಬೇರೆ ಥರ ಬರುವುದೂ ಉಂಟು. ಕ್ರೆಟಾ ತೆಗೆದುಕೊಳ್ಳಿ. ಡೀಸೆಲ್‌ಗೆ ಟಾರ್ಕ್ ಕನ್ವರ್ಟರ್, ಮಾಮೂಲಿ ಪೆಟ್ರೋಲಿಗೆ ಸಿವಿಟಿ, ಟರ್ಬೊ ಪೆಟ್ರೋಲಿಗೆ ಡಿಸಿಟಿ. ಹಾಗಾಗಿ ಪಕ್ಕದ ಮನೆಯವರ ಹತ್ತಿರ ಅದೇ ಕಾರು ಇದೆ ಅಂತ ಅವರ ಸಲಹೆ ನಿಮಗೆ ಒಪ್ಪುತ್ತದೆ ಅಂತೇನಿಲ್ಲ. ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿ.

ಪಾರ್ಕ್ ಮಾಡುವಾಗ ಪಿ ಹಾಕಿದರೆ ಸಾಕಲ್ವಾ? ಹ್ಯಾಂಡ್‌ಬ್ರೇಕ್ ಯಾಕೆ ಬೇಕು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಜನ ಅತಿ ಹೆಚ್ಚು ತಪ್ಪು ಮಾಡುವುದೂ ಇಲ್ಲೇ.

ಲಿವರಿನ ಪಕ್ಕದ ಅಕ್ಷರಗಳಲ್ಲಿ ಪಿ ಅಂದರೆ ಪಾರ್ಕ್, ಆರ್ ಅಂದರೆ ರಿವರ್ಸ್, ಎನ್ ಅಂದರೆ ನ್ಯೂಟ್ರಲ್, ಡಿ ಅಂದರೆ ಮುಂದಕ್ಕೆ ಓಡಿಸುವ ಡ್ರೈವ್. ಪಿ ಹಾಕಿದಾಗ ಚಕ್ರಕ್ಕೆ ಬ್ರೇಕ್ ಬೀಳುವುದಿಲ್ಲ. ಗೇರ್‌ಬಾಕ್ಸಿನ ಒಳಗೆ ಒಂದು ಚಿಕ್ಕ ಉಕ್ಕಿನ ಕೊಕ್ಕೆ ಇದೆ. ಅದು ಹಲ್ಲುಚಕ್ರದ ಸಂದಿಗೆ ಬಿದ್ದು ಕೂರುತ್ತದೆ, ಅಷ್ಟೇ. ಸಮತಟ್ಟು ಜಾಗದಲ್ಲಿ ಅದಕ್ಕೆ ಏನೂ ಭಾರವಿಲ್ಲ. ಇಳಿಜಾರಿನಲ್ಲಿ ಬರೀ ಪಿ ಹಾಕಿ ಬ್ರೇಕ್ ಬಿಟ್ಟರೆ ಕಾರು ಅರ್ಧ ಅಡಿ ಜಾರುತ್ತದೆ, ಆಮೇಲೆ ಟಕ್ ಅಂತ ನಿಲ್ಲುತ್ತದೆ. ಒಂದು ಟನ್ನಿಗೂ ಜಾಸ್ತಿ ತೂಕ ಆ ಚಿಕ್ಕ ಕೊಕ್ಕೆಯ ಮೇಲೆ ಬಿತ್ತು ಅಂತ ಆ ಶಬ್ದದ ಅರ್ಥ. ಬೆಳಿಗ್ಗೆ ಪಿಯಿಂದ ತೆಗೆಯುವಾಗ ಲಿವರ್ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬಲ ಹಾಕಿ ಎಳೆದರೆ ಮತ್ತೆ ಟಕ್. ಮಲ್ಲೇಶ್ವರದ ಒಂದು ಏರುರಸ್ತೆಯಲ್ಲಿ ಮನೆ ಇರುವ ನಮ್ಮ ಭಾವ ಎರಡು ವರ್ಷ ಹೀಗೇ ನಿಲ್ಲಿಸುತ್ತಿದ್ದರು. ಒಂದು ದಿನ ಲಿವರ್ ಅಲುಗಾಡಲೇ ಇಲ್ಲ. ನಾವು ಮೂವರು ಸೇರಿ ಕಾರನ್ನು ಸ್ವಲ್ಪ ಮೇಲಕ್ಕೆ ತಳ್ಳಿದ ಮೇಲೆ ಬಿಟ್ಟಿತು.

ಸರಿಯಾದ ಕ್ರಮ ಹೀಗೆ. ಬ್ರೇಕ್ ಒತ್ತಿ ಕಾರನ್ನು ಪೂರ್ತಿ ನಿಲ್ಲಿಸಿ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಎನ್‌ಗೆ ಹಾಕಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಈಗ ಕಾಲನ್ನು ಮೆಲ್ಲಗೆ ತೆಗೆಯಿರಿ. ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ. ಮತ್ತೆ ಬ್ರೇಕ್ ಒತ್ತಿ ಪಿ ಹಾಕಿ, ಎಂಜಿನ್ ಆಫ್ ಮಾಡಿ. ಹೊರಡುವಾಗ ಮೊದಲು ಪಿಯಿಂದ ತೆಗೆದು ಡಿ ಅಥವಾ ಆರ್ ಹಾಕಿ, ಹ್ಯಾಂಡ್‌ಬ್ರೇಕ್ ಆಮೇಲೆ ಬಿಡಿ. ಐದು ಸೆಕೆಂಡ್ ಜಾಸ್ತಿ ಹಿಡಿಯಬಹುದು. ಒಂದು ವಾರದಲ್ಲಿ ಕೈಗೆ ರೂಢಿಯಾಗುತ್ತದೆ.

ನನ್ನ ಎಎಂಟಿ ಕಾರಿನಲ್ಲಿ ಪಿ ಅನ್ನುವುದೇ ಇಲ್ಲ. ಹೇಗೆ ನಿಲ್ಲಿಸಲಿ?

ಹೌದು, ಬಹಳಷ್ಟು ಎಎಂಟಿ ಕಾರುಗಳಲ್ಲಿ ಪಿ ಇಲ್ಲ. ಮ್ಯಾನ್ಯುಯಲ್ ಕಾರನ್ನು ಗೇರಿನಲ್ಲಿ ಬಿಟ್ಟು ನಿಲ್ಲಿಸುತ್ತಿದ್ದೆವಲ್ಲ, ಇದೂ ಹಾಗೇ. ಬ್ರೇಕ್ ಒತ್ತಿ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಲಿವರ್ ಡಿ ಅಥವಾ ಆರ್‌ನಲ್ಲಿ ಇರುವಾಗಲೇ ಎಂಜಿನ್ ಆಫ್ ಮಾಡಿ. ಮೀಟರಿನಲ್ಲಿ ಗೇರ್ ತೋರಿಸುತ್ತಿದೆಯಾ ನೋಡಿಕೊಂಡು ಕಾಲು ತೆಗೆಯಿರಿ. ಎನ್‌ನಲ್ಲಿ ಆಫ್ ಮಾಡಿ ಇಳಿದುಹೋದರೆ ಕಾರನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್ ಒಂದೇ. ಅದರ ಕೇಬಲ್ ಸಡಿಲವಾಗಿದ್ದರೆ ಕಾರು ತಾನೇ ಹೊರಡುತ್ತದೆ.

ಕಾರು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗುತ್ತಿರುವಾಗಲೇ ಡಿ ಹಾಕಬಹುದಾ?

ಬೇಡ. ಆರ್‌ನಿಂದ ಡಿಗೆ, ಡಿಯಿಂದ ಆರ್‌ಗೆ ಹೋಗುವ ಮುಂಚೆ ಚಕ್ರ ಪೂರ್ತಿ ನಿಂತಿರಬೇಕು. ನಮ್ಮ ಇಕ್ಕಟ್ಟು ಗಲ್ಲಿಗಳಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಿ ತಿರುಗಿಸುವಾಗ, ಹಿಂದೆ ಆಟೋದವರು ಹಾರ್ನ್ ಹೊಡೆಯುವಾಗ, ಈ ಆತುರ ಬಂದೇ ಬರುತ್ತದೆ. ಕಾರು ಜಾರುತ್ತಿರುವಾಗ ಡಿ ಹಾಕಿದರೆ ಬ್ರೇಕ್ ಮಾಡಬೇಕಾದ ಕೆಲಸವನ್ನು ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪ್ಲೇಟುಗಳು ಮಾಡಬೇಕಾಗುತ್ತದೆ. ಬ್ರೇಕ್ ಪ್ಯಾಡ್ ಸವೆದರೆ ಸುಲಭವಾಗಿ ಬದಲಿಸಬಹುದು. ಆ ಪ್ಲೇಟುಗಳಿಗಾಗಿ ಗೇರ್‌ಬಾಕ್ಸನ್ನೇ ಇಳಿಸಿ ಬಿಚ್ಚಬೇಕು.

ಇನ್ನೊಂದು ಮಾತು. ಲಿವರ್ ಸರಿಸಿದ ತಕ್ಷಣ ಆಕ್ಸಿಲರೇಟರ್ ಒತ್ತಬೇಡಿ. ಗೇರ್ ಕೂತಿದ್ದು ಮೈಗೆ ಗೊತ್ತಾಗುತ್ತದೆ, ಕಾರು ಒಂಚೂರು ಜಗ್ಗಿದ ಹಾಗೆ. ಅದಾದ ಮೇಲೆ ಒತ್ತಿ.

ಸಿಗ್ನಲ್‌ನಲ್ಲಿ ಡಿ ಇಡಬೇಕಾ, ಎನ್ ಹಾಕಬೇಕಾ?

ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ನಿಮ್ಮ ಗೇರ್‌ಬಾಕ್ಸ್ ಯಾವುದು, ಎಷ್ಟು ಹೊತ್ತು ನಿಲ್ಲುತ್ತೀರಿ ಅನ್ನುವುದರ ಮೇಲಿದೆ.

ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿಯಲ್ಲಿ ಅರ್ಧ ನಿಮಿಷದ ನಿಲುಗಡೆಗೆ ಡಿಯಲ್ಲೇ ಇದ್ದು ಬ್ರೇಕ್ ಒತ್ತಿ ಹಿಡಿದರೆ ಸಾಕು. ಪ್ರತಿ ಸಲ ಎನ್ ಹಾಕಿ ಡಿ ಹಾಕಿ ಮಾಡಿದರೆ ಒಳಗಿನ ಪ್ಲೇಟುಗಳು ಸುಮ್ನೆ ಕೂಡಿ ಬಿಡುತ್ತಿರುತ್ತವೆ. ಆದರೆ ನಮ್ಮ ಕೆಲವು ಸಿಗ್ನಲ್‌ಗಳಲ್ಲಿ ಎರಡು, ಮೂರು ನಿಮಿಷ ನಿಲ್ಲಬೇಕಲ್ಲ, ಅಲ್ಲಿ ಎನ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಡಿಯಲ್ಲೇ ಇದ್ದರೆ ಎಂಜಿನ್ ಕಾರನ್ನು ತಳ್ಳುತ್ತಾ ಇರುತ್ತದೆ, ನೀವು ಬ್ರೇಕ್ ಹಿಡಿದಿರುತ್ತೀರಿ. ಆ ಬಲವೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಸೇರುತ್ತದೆ. ಏಪ್ರಿಲ್ ಮಧ್ಯಾಹ್ನ ಎಸಿ ಹಾಕಿಕೊಂಡು ನಿಂತಾಗ ಇದು ಲೆಕ್ಕಕ್ಕೆ ಬರುತ್ತದೆ. ಟೈಮರ್ ಇರುವ ಸಿಗ್ನಲ್‌ನಲ್ಲಿ ನನ್ನ ಲೆಕ್ಕ ಸರಳ. 60ಕ್ಕಿಂತ ಮೇಲಿದ್ದರೆ ಎನ್, ಇಲ್ಲದಿದ್ದರೆ ಡಿ. 5 ಬಂದಾಗ ಬ್ರೇಕ್ ಒತ್ತಿ ಡಿ ಹಾಕಿ ತಯಾರಾಗುತ್ತೇನೆ.

ಎಎಂಟಿ ಮತ್ತು ಡಿಸಿಟಿಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಕ್ಲಚ್ ತಾನೇ ಬಿಟ್ಟುಕೊಂಡಿರುತ್ತದೆ. ಸಮಸ್ಯೆ ಬರುವುದು ಬ್ರೇಕನ್ನು ಅರ್ಧಂಬರ್ಧ ಒತ್ತಿದಾಗ. ಕ್ಲಚ್ ಅರ್ಧ ಹಿಡಿದು ಉಜ್ಜುತ್ತಾ ಇರುತ್ತದೆ. ಈ ಎರಡು ಥರದ ಕಾರಿನವರು ನಿಂತರೆ ಪೂರ್ತಿ ನಿಲ್ಲಿ. ಒಂದು ನಿಮಿಷ ದಾಟುತ್ತದೆ ಅಂದರೆ ಎನ್ ಹಾಕಿ.

ಕಾಲು ತೆಗೆದರೂ ಬ್ರೇಕ್ ಹಿಡಿದಿಡುವ ಆಟೋಹೋಲ್ಡ್ ಬಟನ್ ಇದ್ದರೆ ಅದು ಕಾಲಿಗೆ ಆರಾಮ. ಆದರೆ ಕಾರು ಆಗಲೂ ಡಿಯಲ್ಲೇ ಇರುತ್ತದೆ ಅನ್ನುವುದು ನೆನಪಿರಲಿ.

ಔಟರ್ ರಿಂಗ್ ರೋಡಿನಲ್ಲಿ ಗಂಟೆಗಟ್ಟಲೆ ಇಂಚು ಇಂಚು ಸಾಗುತ್ತೇನೆ. ಗೇರ್‌ಬಾಕ್ಸಿಗೆ ತೊಂದರೆಯಾ?

ಟಾರ್ಕ್ ಕನ್ವರ್ಟರ್‌ಗೆ ಇದು ದೊಡ್ಡ ವಿಷಯವಲ್ಲ. ಮಾರತ್ತಹಳ್ಳಿ ಕಡೆಯೇ ದಿನಾ ಓಡಾಡುವವರು ಹೊಸ ಕಾರು ಕೊಳ್ಳುವಾಗ ಕೇಳಿದರೆ ನಾನು ಅದನ್ನೇ ಮೊದಲು ಹೇಳುತ್ತೇನೆ.

ಎಎಂಟಿ, ಡಿಸಿಟಿಗಳಿಗೆ ಮಾತ್ರ ಇದೇ ದೊಡ್ಡ ಶತ್ರು. ನಡೆಯುವಷ್ಟು ವೇಗದಲ್ಲಿ ಕಾರು ತೆವಳುವಾಗ ಕ್ಲಚ್ ಪೂರ್ತಿ ಹಿಡಿದಿರುವುದೂ ಇಲ್ಲ, ಪೂರ್ತಿ ಬಿಟ್ಟಿರುವುದೂ ಇಲ್ಲ. ಉಜ್ಜಿ ಬಿಸಿಯಾಗುತ್ತದೆ. ಒಣ ಕ್ಲಚ್ ಇರುವ ಡಿಸಿಟಿಗೆ ಬಿಸಿ ಬೇಗ ಏರುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಆದರೆ ಸ್ವಲ್ಪ ಜಾಸ್ತಿ ತಡೆದುಕೊಳ್ಳುತ್ತದೆ.

ಪರಿಹಾರ ಸುಲಭ, ಆದರೆ ಮನಸ್ಸು ಗಟ್ಟಿ ಬೇಕು. ಮುಂದಿನ ಗಾಡಿ ಎರಡು ಅಡಿ ಹೋದ ತಕ್ಷಣ ನೀವು ಎರಡು ಅಡಿ ಹೋಗಬೇಡಿ. ಒಂದೂವರೆ, ಎರಡು ಕಾರಿನಷ್ಟು ಜಾಗ ಆಗುವ ತನಕ ಬ್ರೇಕ್ ಒತ್ತಿ ನಿಲ್ಲಿ. ಆಮೇಲೆ ಒಂದೇ ಸಲ ಹೊರಟು, ಕ್ಲಚ್ ಪೂರ್ತಿ ಹಿಡಿಯುವಷ್ಟು ವೇಗ ಬರಿಸಿ, ಹೋಗಿ ನಿಲ್ಲಿ. ಆ ಜಾಗಕ್ಕೆ ಬೈಕುಗಳು ನುಗ್ಗುತ್ತವೆ, ನಿಜ. ನುಗ್ಗಲಿ ಬಿಡಿ. ಬೈಕಿನವರು ಮುಂದೆ ಹೋದರೆ ನಿಮಗೆ ತಡವಾಗುವುದು ಹತ್ತು ಸೆಕೆಂಡ್.

ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಮೀಟರಿನಲ್ಲಿ ಎಚ್ಚರಿಕೆ ಬಂದರೆ ಮನೆ ಹತ್ತಿರವೇ ಇದೆ ಅಂತ ಮುಂದುವರಿಯಬೇಡಿ. ಪಕ್ಕಕ್ಕೆ ನಿಲ್ಲಿಸಿ, ಪಿ ಅಥವಾ ಎನ್ ಹಾಕಿ. ಎಂಜಿನ್ ಓಡುತ್ತಲೇ ಇರಬೇಕಾ, ಆಫ್ ಮಾಡಬೇಕಾ ಅಂತ ನಿಮ್ಮ ಕಾರಿನ ಪುಸ್ತಕದಲ್ಲಿ ಇರುತ್ತದೆ. ಎಚ್ಚರಿಕೆ ಹೋದ ಮೇಲೆಯೇ ಹೊರಡಿ.

ಏರಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಕಾರು ಹಿಂದೆ ಜಾರುವುದಿಲ್ಲ. ಹಾಗೆ ಮಾಡಬಹುದಾ?

ದಯವಿಟ್ಟು ಮಾಡಬೇಡಿ. ನನ್ನ ಮೊದಲ ಎಎಂಟಿ ಕಾರಿನ ಕ್ಲಚ್ 38,000 ಕಿಲೋಮೀಟರಿಗೇ ಹೋಯಿತು. ಆಫೀಸಿನ ಬೇಸ್‌ಮೆಂಟಿನಿಂದ ಮೇಲೆ ಬರುವ ರ‍್ಯಾಂಪಿನಲ್ಲಿ ದಿನಾ ಸಂಜೆ ಸಾಲು ನಿಲ್ಲುತ್ತಿತ್ತು. ನಾನು ಆಕ್ಸಿಲರೇಟರಿನಲ್ಲೇ ಕಾರನ್ನು ಹಿಡಿದು ನಿಲ್ಲಿಸುತ್ತಿದ್ದೆ. ಮೆಕ್ಯಾನಿಕ್ ಅಣ್ಣ ಹಳೆಯ ಪ್ಲೇಟನ್ನು ಕೈಗೆ ಕೊಟ್ಟು ತೋರಿಸಿದರು. ಮೇಲ್ಮೈ ನೀಲಿ ತಿರುಗಿತ್ತು, ಸುಟ್ಟ ವಾಸನೆ ಇನ್ನೂ ಬರುತ್ತಿತ್ತು. ಈಗ ಯಾರಿಗೆ ಹೇಳುವಾಗಲೂ ನನಗೆ ಆ ಪ್ಲೇಟೇ ಕಣ್ಣಮುಂದೆ ಬರುತ್ತದೆ.

ಏರಿನಲ್ಲಿ ನಿಲ್ಲಲು ಬ್ರೇಕ್, ಹೊರಡಲು ಆಕ್ಸಿಲರೇಟರ್. ಎಎಂಟಿ ಹಿಂದೆ ಜಾರುವ ಭಯವಿದ್ದರೆ ಹ್ಯಾಂಡ್‌ಬ್ರೇಕ್ ಎಳೆದುಕೊಂಡು, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಕಾರು ಮುಂದಕ್ಕೆ ಜಗ್ಗಿದಾಗ ಬಿಡಿ. ಹಿಲ್ ಹೋಲ್ಡ್ ಇರುವ ಕಾರುಗಳು ಕಾಲು ತೆಗೆದ ಮೇಲೂ ಎರಡು ಸೆಕೆಂಡಿನಷ್ಟು ಬ್ರೇಕ್ ಹಿಡಿದಿರುತ್ತವೆ. ಅಷ್ಟರಲ್ಲಿ ಹೊರಟರೆ ಆಯಿತು. ಮಾಲ್‌ಗಳ ಸುತ್ತು ರ‍್ಯಾಂಪ್ ಹತ್ತುವಾಗ ಮುಂದಿನ ಕಾರು ಮೇಲೆ ತಲುಪಿದ ಮೇಲೆ ನೀವು ಹೊರಡಿ. ನಡುವೆ ನಿಲ್ಲುವ ಪ್ರಸಂಗವೇ ಬರುವುದಿಲ್ಲ.

ಇಳಿಜಾರಿನಲ್ಲಿ ಎನ್ ಹಾಕಿದರೆ ಪೆಟ್ರೋಲ್ ಉಳಿಯುತ್ತದಂತೆ?

ಉಳಿಯುವುದಿಲ್ಲ. ಕಾರ್ಬ್ಯುರೇಟರ್ ಕಾಲದ ಮಾತು ಅದು. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಹೋಗುವ ಪೆಟ್ರೋಲೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಎನ್ ಹಾಕಿದರೆ ಎಂಜಿನ್ ಆರದ ಹಾಗೆ ನೋಡಿಕೊಳ್ಳಲು ಪೆಟ್ರೋಲ್ ಹೋಗಲೇಬೇಕು. ಅಂದರೆ ಎನ್‌ನಲ್ಲೇ ಖರ್ಚು ಜಾಸ್ತಿ.

ಖರ್ಚಿಗಿಂತ ದೊಡ್ಡದು ಅಪಾಯ. ಎನ್‌ನಲ್ಲಿ ಎಂಜಿನ್ನಿನ ತಡೆ ಇರುವುದಿಲ್ಲ, ಪೂರ್ತಿ ಭಾರ ಬ್ರೇಕಿನ ಮೇಲೆ. ಹೆಬ್ಬಾಳ ಫ್ಲೈಓವರಿನ ಇಳಿಜಾರಿಗೆ ಅದು ಗೊತ್ತಾಗಲಿಕ್ಕಿಲ್ಲ. ನಂದಿ ಬೆಟ್ಟದಲ್ಲಿ ಗೊತ್ತಾಗುತ್ತದೆ.

ಹಾಗಾದರೆ ನಂದಿ ಬೆಟ್ಟ, ಶಿರಾಡಿ, ಚಾರ್ಮಾಡಿ ಇಳಿಯುವಾಗ ಯಾವ ಗೇರ್?

ನಂದಿ ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಭಾನುವಾರ ಸೂರ್ಯೋದಯ ನೋಡಿ ಎಲ್ಲರೂ ಒಟ್ಟಿಗೆ ಇಳಿಯುವಾಗ ತಿರುವುಗಳಲ್ಲಿ ಬ್ರೇಕ್ ಸುಟ್ಟ ವಾಸನೆ ಬರುತ್ತದೆ, ಗಮನಿಸಿದ್ದೀರಾ? ಡಿಯಲ್ಲೇ ಬಿಟ್ಟು ಬ್ರೇಕ್ ಒತ್ತಿಕೊಂಡೇ ಇಳಿಯುವವರ ಕಾರುಗಳು ಅವು. ಡಿಯಲ್ಲಿ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗಲು ನೋಡುತ್ತದೆ. ಆಗ ಎಂಜಿನ್ನಿನ ತಡೆ ಕಡಿಮೆ. ಬ್ರೇಕ್ ತುಂಬಾ ಬಿಸಿಯಾದರೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ.

ಇಳಿಜಾರು ಶುರುವಾಗುವ ಮುಂಚೆಯೇ ವೇಗ ಇಳಿಸಿ. ನಿಮ್ಮಲ್ಲಿ ಎಂ (ಗೇರನ್ನು ನಾವೇ ಬದಲಿಸುವ ಮ್ಯಾನ್ಯುಯಲ್ ಮೋಡ್) ಇದ್ದರೆ ಅದಕ್ಕೆ ಹಾಕಿ ಮೈನಸ್ ಒತ್ತಿ ಎರಡನೇ ಅಥವಾ ಮೂರನೇ ಗೇರಿಗೆ ತನ್ನಿ. ಕೆಳಗಿನ ಗೇರಿನಲ್ಲೇ ಹಿಡಿದಿಡುವ ಎಲ್, 2 ಅಂತ ಇದ್ದರೆ ಅದನ್ನು ಹಾಕಿ. ಹಳೆ ಡ್ರೈವರ್‌ಗಳು ಹೇಳುವ ಮಾತು ಈಗಲೂ ಸರಿ: ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ 3,000, 3,500 ಆರ್‌ಪಿಎಂನಲ್ಲಿ ಗುಂಯ್ ಅಂದರೆ ಹೆದರಬೇಡಿ. ಅದಕ್ಕೆ ಅದರಿಂದ ಏನೂ ಆಗುವುದಿಲ್ಲ. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯದೆ, ತಿರುವಿನ ಮುಂಚೆ ಸರಿಯಾಗಿ ಒತ್ತಿ, ಬಿಟ್ಟುಬಿಡಿ. ತಣ್ಣಗಾಗಲು ಸಮಯ ಸಿಗಲಿ.

ಘಾಟಿ ಹತ್ತುವಾಗಲೂ ಎಂ ಒಳ್ಳೆಯದು. ಡಿಯಲ್ಲಿ ಎಎಂಟಿ ಎರಡು, ಮೂರರ ನಡುವೆ ತಡಕಾಡುತ್ತದೆ.

ಎಸ್ (ಸ್ಪೋರ್ಟ್) ಮೋಡ್ ಯಾವಾಗ ಬೇಕು?

ಓವರ್‌ಟೇಕ್ ಮಾಡುವಾಗ, ಏರು ಹತ್ತುವಾಗ. ಊರೊಳಗೆ ಬೇಕಿಲ್ಲ, ಸುಮ್ನೆ ಪೆಟ್ರೋಲ್ ದಂಡ. ಓಡುತ್ತಿರುವಾಗ ಡಿಯಿಂದ ಎಸ್‌ಗೆ ಹಾಕಿದರೆ ಏನೂ ಹಾಳಾಗುವುದಿಲ್ಲ.

ಓಡುತ್ತಿರುವಾಗ ಕೈ ತಪ್ಪಿ ಎನ್‌ಗೆ ಬಿತ್ತು. ಏನು ಮಾಡಲಿ?

ಗಾಬರಿಯಾಗಿ ಆಕ್ಸಿಲರೇಟರ್ ಒತ್ತಬೇಡಿ. ಕಾಲು ತೆಗೆಯಿರಿ, ಎಂಜಿನ್ ಶಬ್ದ ಇಳಿಯಲಿ, ಆಮೇಲೆ ಡಿ ಹಾಕಿ. ಎಂಜಿನ್ ಜೋರಾಗಿ ಓಡುತ್ತಿರುವಾಗ ಡಿ ಹಾಕಿದರೆ ಪೆಟ್ಟು ಬೀಳುವುದು ಪ್ಲೇಟುಗಳಿಗೆ.

ಪಿ ಅಥವಾ ಆರ್‌ಗೆ ಹೋಗದ ಹಾಗೆ ಈಗಿನ ಬಹಳಷ್ಟು ಕಾರುಗಳೇ ತಡೆಯುತ್ತವೆ. ಆ ತಡೆಯನ್ನು ನಂಬಿ ಪರೀಕ್ಷೆ ಮಾಡಬೇಡಿ.

ಎಡಗಾಲಲ್ಲಿ ಬ್ರೇಕ್, ಬಲಗಾಲಲ್ಲಿ ಆಕ್ಸಿಲರೇಟರ್ ಇಟ್ಟುಕೊಂಡರೆ?

ಬೇಡ. ಎಡಗಾಲಿಗೆ ಕ್ಲಚ್ ತುಳಿದ ಅಭ್ಯಾಸ. ಬ್ರೇಕನ್ನೂ ಅಷ್ಟೇ ಜೋರಾಗಿ ತುಳಿಯುತ್ತದೆ, ಹಿಂದಿನವರು ಬಂದು ಗುದ್ದುತ್ತಾರೆ. ಗೊತ್ತಿಲ್ಲದೆ ಎರಡನ್ನೂ ಒಟ್ಟಿಗೆ ಒತ್ತಿದರೆ ಗೇರ್‌ಬಾಕ್ಸ್ ಬಿಸಿಯಾಗುತ್ತದೆ. ಅಮ್ಮನಿಗೆ ಕಲಿಸುವಾಗ ಮೊದಲ ಹದಿನೈದು ದಿನ ಎಡಗಾಲನ್ನು ಸೀಟಿನ ಕಡೆಗೆ ಮಡಚಿ ಇಟ್ಟುಕೊಳ್ಳಲು ಹೇಳಿದ್ದೆ. ಕೆಲಸ ಮಾಡಿತು.

ಅಪಾರ್ಟ್‌ಮೆಂಟಿನಲ್ಲಿ ಕಾರಿನ ಹಿಂದೆ ಕಾರು ನಿಲ್ಲಿಸುತ್ತೇವೆ. ಸೆಕ್ಯುರಿಟಿಯವರು ನ್ಯೂಟ್ರಲ್‌ನಲ್ಲಿ ಬಿಡಿ ಅನ್ನುತ್ತಾರೆ.

ನೆಲ ಪೂರ್ತಿ ಸಮತಟ್ಟಾಗಿದ್ದರೆ ಮಾತ್ರ ಒಪ್ಪಿಕೊಳ್ಳಿ. ಪಿ ಇರುವ ಬಹಳಷ್ಟು ಕಾರುಗಳಲ್ಲಿ ಲಿವರಿನ ಪಕ್ಕ ಒಂದು ಚಿಕ್ಕ ಮುಚ್ಚಳ ಅಥವಾ ಗುಂಡಿ ಇರುತ್ತದೆ, ಶಿಫ್ಟ್ ಲಾಕ್ ಅಂತ. ಅದನ್ನು ಕೀಲಿಯ ತುದಿಯಿಂದ ಒತ್ತಿದರೆ ಎಂಜಿನ್ ಆಫ್ ಇದ್ದರೂ ಎನ್‌ಗೆ ತರಬಹುದು. ಬ್ಯಾಟರಿ ಸತ್ತಾಗಲೂ ಇದೇ ದಾರಿ. ಲಿವರ್ ಬದಲು ಬಟನ್ ಅಥವಾ ತಿರುಗುವ ಗುಂಡಿ ಇರುವ ಕಾರಿನಲ್ಲಿ ವಿಧಾನ ಬೇರೆ. ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುವ ಮುಂಚೆ ಒಂದು ಭಾನುವಾರ ಕೂತು ಓದಿ ನೋಡಿ. ಕಾರು ಪಿಯಲ್ಲಿರುವಾಗ ನಾಲ್ಕು ಜನ ಸೇರಿ ತಳ್ಳಲು ಮಾತ್ರ ಬಿಡಬೇಡಿ.

ಬ್ಯಾಟರಿ ಡೌನ್ ಆದರೆ ತಳ್ಳಿ ಸ್ಟಾರ್ಟ್ ಮಾಡಬಹುದಾ? ಹಗ್ಗ ಕಟ್ಟಿ ಎಳೆಯಬಹುದಾ?

ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಇನ್ನೊಂದು ಬ್ಯಾಟರಿಯಿಂದ ಜಂಪ್ ಕೊಡಬೇಕು.

ಹಗ್ಗ ಕಟ್ಟಿ ಎಳೆಯುವುದು ಇನ್ನೂ ಕೆಟ್ಟದು. ಗೇರ್‌ಬಾಕ್ಸಿನ ಎಣ್ಣೆ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ಆಫ್ ಇದ್ದು ಚಕ್ರ ಮಾತ್ರ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ನೈಸ್ ರೋಡಿನಲ್ಲಿ ಕೆಟ್ಟು ನಿಂತರೆ ಪೂರ್ತಿ ಕಾರನ್ನು ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಕೇಳಿ. ಫೋನ್ ಮಾಡುವಾಗಲೇ ಆಟೋಮ್ಯಾಟಿಕ್ ಅಂತ ಹೇಳಿಬಿಡಿ.

ಮಳೆನೀರು ತುಂಬಿದ ಅಂಡರ್‌ಪಾಸಿನಲ್ಲಿ ಎಲ್ ಹಾಕಿಕೊಂಡು ದಾಟಬಹುದಾ?

ನೀರಿನ ಆಳ ಕಾಣದಿದ್ದರೆ ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ನೀರಿನಲ್ಲಿ ಕಾರು ಸಿಕ್ಕಿಕೊಂಡು ಒಬ್ಬ ಹೆಣ್ಣುಮಗಳು ತೀರಿಕೊಂಡರು. ಅದಾದ ಮೇಲೆ ಮಳೆ ಬಂದರೆ ನಮ್ಮ ಮನೆಯವರು ಯಾರೂ ಅಂಡರ್‌ಪಾಸ್ ಕಡೆ ಕಾರು ತಿರುಗಿಸುವುದಿಲ್ಲ. ಸುತ್ತುಹಾಕಿ ಬರುತ್ತೇವೆ.

ರಸ್ತೆಯ ಮೇಲೆ ಪಾದ ಮುಳುಗುವಷ್ಟು ನೀರಿದ್ದು, ಬೇರೆ ದಾರಿಯೇ ಇಲ್ಲ ಅಂದರೆ ಎಂ ಅಥವಾ ಎಲ್‌ನಲ್ಲಿ ಮೊದಲ ಗೇರ್ ಹಿಡಿದು ಒಂದೇ ವೇಗದಲ್ಲಿ ಹೋಗಿ. ಅದಕ್ಕಿಂತ ಆಳದಲ್ಲಿ ನಿಂತ ಕಾರಾದರೆ ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಹೊರಿಸಿ ಕಳಿಸಿ, ಎಂಜಿನ್ ಜೊತೆಗೆ ಗೇರ್‌ಬಾಕ್ಸ್ ಎಣ್ಣೆಯನ್ನೂ ನೋಡಲು ಹೇಳಿ. ನೀರು ಸೇರಿದ್ದರೆ ಎಣ್ಣೆ ಹಾಲು ಬೆರೆಸಿದ ಹಾಗೆ ಕಾಣುತ್ತದೆ.

ಗೇರ್‌ಬಾಕ್ಸ್ ಎಣ್ಣೆ ಬದಲಿಸಬೇಕಾ? ಜೀವನಪೂರ್ತಿ ಬರುತ್ತದೆ ಅಂದರು.

ನಿಮ್ಮ ಪುಸ್ತಕದಲ್ಲಿ ಎರಡು ಪಟ್ಟಿ ಇರಬಹುದು. ಒಂದು ಮಾಮೂಲಿ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ನಿಂತು ಹೊರಟು ಮಾಡುವ ಟ್ರಾಫಿಕ್, ದೂಳು, ಗುಡ್ಡ ಇವೆಲ್ಲ ಕಠಿಣ ಬಳಕೆ. ಬೆಂಗಳೂರಿನ ಕಾರಿಗೆ ಎರಡನೇ ಪಟ್ಟಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಿ. ಸಿವಿಟಿಗೆ ಬೇರೆ, ಡಿಸಿಟಿಗೆ ಬೇರೆ, ಟಾರ್ಕ್ ಕನ್ವರ್ಟರ್‌ಗೆ ಬೇರೆ. ಸಿವಿಟಿಗೆ ತಪ್ಪು ಎಣ್ಣೆ ಬಿದ್ದರೆ ಬೆಲ್ಟ್ ಜಾರಿ ಸವೆಯುತ್ತದೆ. ಡಬ್ಬಿಯ ಮೇಲಿನ ಹೆಸರನ್ನು ಕಣ್ಣಾರೆ ನೋಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಳೆ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಒಳಗೆ ಏನು ಸವೆದಿದೆ ಅಂತ ಕೇಳಿ.

ಬೆಳಿಗ್ಗೆ ಎಷ್ಟು ಹೊತ್ತು ಬಿಸಿ ಮಾಡಬೇಕು?

ಅರ್ಧ ನಿಮಿಷ ಸಾಕು. ನಮ್ಮ ಊರಿನ ಚಳಿಗೆ ಅದಕ್ಕಿಂತ ಬೇಡ. ಮೊದಲ ಎರಡು ಕಿಲೋಮೀಟರ್ ಮೆಲ್ಲಗೆ ಓಡಿಸಿ.

ಏನು ಕಂಡರೆ ಗ್ಯಾರೇಜಿಗೆ ಹೋಗಬೇಕು?

ಡಿ ಹಾಕಿ ಎರಡು ಮೂರು ಸೆಕೆಂಡ್ ಆದ ಮೇಲೆ ಕಾರು ಜಗ್ಗುವುದು. ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರಿ, ವೇಗ ಏರದಿರುವುದು. ಮೆಲ್ಲಗೆ ಹೊರಡುವಾಗ ನಡುಕ. ಗೇರ್ ಬದಲಾಗುವಾಗ ಮೊದಲು ಇಲ್ಲದ ಪೆಟ್ಟು. ಪಾರ್ಕಿಂಗ್ ಜಾಗದಲ್ಲಿ ಎಣ್ಣೆಯ ಕಲೆ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ವಾರವೇ ತೋರಿಸಿ. ಡಿಸಿಟಿ, ಎಎಂಟಿಗಳಲ್ಲಿ ಕೆಲವೊಮ್ಮೆ ಕ್ಲಚ್ ಹಿಡಿಯುವ ಜಾಗವನ್ನು ಕಂಪ್ಯೂಟರಿಗೆ ಮತ್ತೆ ಕಲಿಸಿದರೆ ಸರಿಹೋಗುತ್ತದೆ, ಬಿಚ್ಚುವುದೇ ಬೇಡ. ಹಾಗಾಗಿ ಗೇರ್‌ಬಾಕ್ಸ್ ಇಳಿಸಬೇಕು ಅಂದ ಕೂಡಲೇ ಒಪ್ಪದೆ, ಮೊದಲು ಸ್ಕ್ಯಾನ್ ಮಾಡಿ, ಬಂದ ಕೋಡನ್ನು ಬರೆದುಕೊಡಿ ಅಂತ ಕೇಳಿ. ಆ ಚೀಟಿ ಹಿಡಿದುಕೊಂಡು ಇನ್ನೊಬ್ಬ ಮೆಕ್ಯಾನಿಕ್ ಹತ್ತಿರವೂ ತೋರಿಸಬಹುದು.